ಕಥೆ ನಂದು, ಹೂಂ ಮಾವಂದು

ಮಧುಗಿರಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡು ಸಿನಿಮಾದವರಿಗೆ ಕಥೆ ಮಾರೋಕೆ ಹೊರಟವನಿಗೆ ಇಂಥದ್ದೆಲ್ಲ ಆಗದೆ ಇನ್ನೇನಾಗುತ್ತೆ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಅವಳು ಕೇಳೋದರಲ್ಲಿ ತಪ್ಪಿಲ್ಲ. ಒಂದು ಮರೆಯೋ ಹೊತ್ತಿಗೆ ಇನ್ನೊಂದು ಆಗಿರುತ್ತೆ.

ನಮ್ಮ ಸುತ್ತಿನ ನಾಲ್ಕು ತಾಲ್ಲೂಕಲ್ಲಿ ಎಲ್ಲದಕ್ಕೂ ಗಿರಾಕಿ ಇದ್ದಾರೆ. ಕುರಿಗೆ, ಕಡ್ಲೆಕಾಯಿಗೆ, ಹುಣಸೆಹಣ್ಣಿಗೆ, ಕೆಟ್ಟು ನಿಂತ ಟ್ರ್ಯಾಕ್ಟರಿಗೂ ಇದ್ದಾರೆ. ಸಿನಿಮಾ ತೆಗೀತೀನಿ ಅನ್ನೋರಿಗೂ ಬರವಿಲ್ಲ. ಅವರೆಲ್ಲ ಮೊದಲು ಬರೋದು ನನ್ನ ಅಂಗಡಿಗೆ, ಫ್ಲೆಕ್ಸ್ ಹಾಕಿಸೋಕೆ. ಕ್ಯಾಮೆರಾ, ಹೀರೋಯಿನ್ನು ಎಲ್ಲ ಆಮೇಲೆ. ಹಾಗಾಗಿ ನಿರ್ಮಾಪಕರನ್ನ ಹುಡುಕಿಕೊಂಡು ನಾನು ಎಲ್ಲಿಗೂ ಅಲೀಬೇಕಾಗಿಲ್ಲ. ಅಲೆಯೋದು ಅವರು ಸಿಕ್ಕ ಮೇಲೆ.

ನನ್ನ ಹತ್ತಿರ ಇರೋದು ಒಂದೇ ಕಥೆ. ಯಾವ ಭಾಷೆಯಿಂದಲೂ ಎತ್ತಿದ್ದಲ್ಲ, ನಾನೇ ಕಟ್ಟಿದ್ದು. ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಮನೆ ಮಧ್ಯೆ ಗೋಡೆ ಎದ್ದಿದೆ. ಬೋರ್‌ವೆಲ್ ಒಂದೇ, ನಾಯಿಯೂ ಒಂದೇ. ಏನಾದರೂ ಹೇಳಬೇಕಾದರೆ ನಾಯಿಗೆ ಹೇಳುತ್ತಾರೆ. ಅಣ್ಣ ಅಂಗಳದಲ್ಲಿ ನಿಂತು, "ಲೇ ನಾಯಿ, ಮೋಟ್ರು ಆಫ್ ಮಾಡು ಅನ್ನು ಅವನ್ಗೆ, ನೀರು ಹರಿದು ಹೋಯ್ತಾ ಐತೆ," ಅನ್ನುತ್ತಾನೆ. ತಮ್ಮ ಗೋಡೆಯ ಆಚೆಯಿಂದ, "ಲೇ ನಾಯಿ, ಕರೆಂಟೇ ಇಲ್ಲ ಅನ್ನು," ಅನ್ನುತ್ತಾನೆ. ಹೀಗೆ ಸಂಸಾರ ನಡೀತಿರುವಾಗ ಒಂದು ದಿನ ನಾಯಿ ಕಾಣೆಯಾಗುತ್ತೆ. ಇಲ್ಲಿಗೆ ಇಂಟರ್‌ವಲ್.

ಆಮೇಲೇನಾಯ್ತು ಅಂತ ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕಂದ್ರೆ ನನಗಿದ್ದ ಆಸೆ ಅದೊಂದೇ. ಯಾವನಾದರೂ ಒಬ್ಬ ನಿರ್ಮಾಪಕ ಕೂತು ಕೊನೆಯ ಸೀನಿನವರೆಗೂ ಕೇಳಲಿ. ತೆಗೆಯೋದು ಬಿಡೋದು ಅವನ ಹಣೆಬರಹ.

ಸಿಂಹ

ಕೊರಟಗೆರೆ ಕಡೆಯ ಇಟ್ಟಿಗೆ ಗೂಡಿನ ಯಜಮಾನರೊಬ್ಬರು ಮುಹೂರ್ತದ ಫ್ಲೆಕ್ಸ್ ಹಾಕಿಸಿದ್ದರು. ಹೀರೋ ಅವರ ಅಕ್ಕನ ಮಗ. ಕೈಯಲ್ಲಿ ಮಚ್ಚು, ಕಣ್ಣಿಗೆ ಕಪ್ಪು ಕನ್ನಡಕ, ಪಕ್ಕದಲ್ಲಿ ಬಾಯಿ ತೆರೆದ ಸಿಂಹ. ಫ್ಲೆಕ್ಸ್ ತಗೊಂಡು ಹೋದವರು ಮಾರನೇ ದಿನ ವಾಪಸ್ ಬಂದರು. ಏನಾದರೂ ತಪ್ಪಾಯ್ತೇನೋ ಅಂತ ನನಗೆ ಭಯ.

"ಫ್ಲೆಕ್ಸ್ ಚೆನ್ನಾಗೈತೆ ಕಣಪ್ಪ. ಶುಕ್ರವಾರ ಮುಹೂರ್ತ. ಈಗ ಒಂದು ಕಥೆ ಬೇಕಲ್ಲ," ಅಂದರು, ತೆಂಗಿನಕಾಯಿ ತರೋದು ಮರೆತೆ ಅನ್ನೋ ಹಾಗೆ. "ನಿನ್ನತ್ರ ಒಂದೈತಂತೆ?"

ಕೂರಿಸಿ, ಟೀ ತರಿಸಿ, ಶುರುಮಾಡಿದೆ. ನಾಯಿ ಬಂದ ತಕ್ಷಣ ಅವರು ಕೈ ಎತ್ತಿ ನಿಲ್ಲಿಸಿದರು.

"ನಾಯಿ ಬ್ಯಾಡ. ಫ್ಲೆಕ್ಸಲ್ಲಿ ಸಿಂಹ ಐತೆ. ನಾಯಿ ತೆಗ್ದು ಸಿಂಹ ಹಾಕು."

"ಅಣ್ಣ, ಸಿಂಹಕ್ಕೆ ಮೋಟ್ರು ಆಫ್ ಮಾಡಿಸು ಅಂದ್ರೆ ಅದು ಹೋಗಿ ಹೇಳುತ್ತಾ?"

"ನಾಯಿ ಹೋಗಿ ಹೇಳ್ತದಾ?"

ಅವರು ಟೀ ಮುಗಿಸಿ, ಸಿಂಹದ ಕಥೆ ಇರೋರು ಯಾರಾದರೂ ಗೊತ್ತಿದ್ದರೆ ತಿಳಿಸು ಅಂತ ಹೇಳಿ ಹೋದರು. ನನಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಅವರು ಸಿಂಹ ಕೇಳಿರಲೇ ಇಲ್ಲ. ಫ್ಲೆಕ್ಸಿನ ಬಲಗಡೆ ಜಾಗ ಖಾಲಿ ಕಾಣುತ್ತೆ ಅಂತ ಅದನ್ನ ತಂದು ಕೂರಿಸಿದವನು ನಾನೇ.

ಹೊಸ ಗಾಡಿ

ಸಿರಾದಲ್ಲಿ ಒಬ್ಬರು ಸಾಹೇಬರಿದ್ದಾರೆ, ಲಾರಿ ಮಾಲೀಕರು. ತುಂಬಾ ಒಳ್ಳೆಯ ಮನುಷ್ಯ. ಕಥೆ ಹೇಳೋಕೆ ಹೋದವನಿಗೆ ಮೊದಲು ಊಟ ಹಾಕಿಸಿದರು. ಊಟ ಆದ ಮೇಲೆ ಕಥೆ ಹೇಳೋದು ಬೇಡ ಅಂದರು.

"ಹೇಳೋದೆಲ್ಲ ಕಾಯ್ಕೋ ಭಾಯ್, ಯಾಕೆ ಬೇಕು? ಪಿಕ್ಚರ್ ಮೊಬೈಲಿಗೆ ಕಳ್ಸಿ, ನೋಡ್ಬುಡ್ತೀನಿ."

"ಪಿಕ್ಚರ್ ಇನ್ನೂ ಆಗಿಲ್ಲ ಸಾಹೇಬ್ರೇ. ಆದ ಮೇಲೆ ತಾನೇ ನೋಡೋದು."

"ಯಾವ ಭಾಷೇಲೂ ಆಗಿಲ್ವಾ?"

"ಇಲ್ಲ."

ಅವರ ಮುಖ ನೋಡಬೇಕಿತ್ತು. ಸತ್ತವರ ಮನೆಗೆ ಬಂದವರ ಹಾಗೆ ನನ್ನ ಭುಜದ ಮೇಲೆ ಕೈ ಇಟ್ಟರು. "ನೋಡಿ ಭಾಯ್, ಬೇಜಾರು ಮಾಡ್ಕೋಬೇಡಿ. ನನ್ನತ್ರ ಇಷ್ಟು ಲಾರಿ ಐತೆ, ಒಂದಾದ್ರೂ ಶೋರೂಮಿಂದ ತಂದಿದ್ದಲ್ಲ. ಸೆಕೆಂಡ್ ಹ್ಯಾಂಡೇ ತಗೊಳ್ಳೋದು. ಮೊದಲನೇ ಮಾಲೀಕ ಒದ್ದಾಡಿ, ರಿಪೇರಿ ಮಾಡ್ಸಿ, ಎಲ್ಲಾ ಸರಿಮಾಡಿರ್ತಾನೆ. ಹೊಸಾದು ತಗೊಂಡ್ರೆ ಆ ಒದ್ದಾಟ ನಂದಾಗ್ತದೆ."

ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಹೊರಡುವಾಗ ಮೆಲ್ಲಗೆ, "ಒಂದ್ಸಲ ಯಾರತ್ರಾನಾದ್ರೂ ತೆಗ್ಸಿ ತನ್ನಿ. ಎರಡನೇ ಸಲ ಗ್ಯಾರಂಟಿ ನಾನೇ ತೆಗೀತೀನಿ," ಅಂದರು. ಇಷ್ಟು ಪ್ರೀತಿಯಿಂದ ಇಲ್ಲ ಅಂದವರು ಇನ್ನೊಬ್ಬರಿಲ್ಲ.

ಬೆಟ್ಟ ಹತ್ತಿದ್ದು

ಆಮೇಲೆ ಬೆಂಗಳೂರಿನಿಂದ ಒಬ್ಬ ನಿರ್ದೇಶಕರು ಸಿದ್ದರಬೆಟ್ಟಕ್ಕೆ ಲೊಕೇಶನ್ ನೋಡೋಕೆ ಬಂದರು. ದಾರಿ ತೋರಿಸೋಕೆ ಯಾರಾದರೂ ಬೇಕು ಅಂದಾಗ ನಾನೇ ಮುಂದೆ ಬಿದ್ದೆ. ಮೆಟ್ಟಿಲು ಹತ್ತುವಾಗ ಮನುಷ್ಯ ಎಲ್ಲಿಗೂ ತಪ್ಪಿಸಿಕೊಂಡು ಹೋಗೋಕಾಗಲ್ಲ ಅಂತ ನನ್ನ ಲೆಕ್ಕ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕಥೆ ಹೇಳೋದು ಅಂದ್ರೆ ಒಬ್ಬರ ಕೆಲಸ ಅಲ್ಲ. ಹೇಳೋರು ಒಬ್ಬರು, ಹೂಂ ಅನ್ನೋರು ಒಬ್ಬರು. ನಮ್ಮಜ್ಜಿ ಕಥೆ ಹೇಳುವಾಗ ನಾವು ಹೂಂ ಅನ್ನೋದು ನಿಲ್ಲಿಸಿದರೆ ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. ರಾಜಕುಮಾರ ಮರದಿಂದ ಬೀಳುತ್ತಿದ್ದರೂ ಅಷ್ಟೇ, ಅರ್ಧದಲ್ಲೇ ನೇತಾಡಬೇಕು. ಆ ಚಾಳಿ ನನಗೂ ಅಂಟಿದೆ. ಎದುರಿಗೆ ಕೂತವರು ಹೂಂ ಅನ್ನದಿದ್ದರೆ ನನ್ನ ನಾಲಿಗೆ ಮುಂದಕ್ಕೆ ಹೋಗಲ್ಲ. ನಿರ್ಮಾಪಕರು ಹೂಂ ಅನ್ನಲ್ಲ, ಮೊಬೈಲ್ ನೋಡುತ್ತಾರೆ. ಅದಕ್ಕೇ ನನ್ನ ಕಥೆ ಎಲ್ಲೂ ಇಂಟರ್‌ವಲ್ ದಾಟುತ್ತಿರಲಿಲ್ಲ.

ಈ ನಿರ್ದೇಶಕರು ಹಾಗಲ್ಲ. ಒಂದೊಂದು ಮೆಟ್ಟಿಲಿಗೂ "ಹೂಂ" ಅನ್ನೋರು. ಕಥೆ ಏರಿದ ಹಾಗೆ ಅವರ ಹೂಂ ಕೂಡ ಜೋರಾಯಿತು. ನಾಯಿ ಕಾಣೆಯಾಗೋ ಹೊತ್ತಿಗಂತೂ ಅವರು ಬಂಡೆ ಹಿಡಿದು ಕಣ್ಣು ಮುಚ್ಚಿಕೊಂಡು ಹೂಂ, ಹೂಂ ಅಂತ ನಡುಗುತ್ತಿದ್ದರು. ಇಷ್ಟು ಮನಸ್ಸಿಗೆ ತಗೊಂಡವರನ್ನ ನಾನು ಕಂಡಿರಲಿಲ್ಲ.

ಮೇಲೆ ಹೋಗಿ, ಕೂತು, ಒಂದು ಬಾಟಲಿ ನೀರು ಕುಡಿದು ಸುಧಾರಿಸಿಕೊಂಡು ಅವರು ನನ್ನ ಕಡೆ ತಿರುಗಿದರು. "ಸಾರಿ ಕಣ್ರೀ, ಉಸಿರಾಡೋಕಾಗ್ತಿರಲಿಲ್ಲ. ಏನೋ ಹೇಳ್ತಿದ್ರಿ?"

ಮಾವನ ಧರ್ಮ

ಅವತ್ತು ಮನೆಗೆ ಬಂದು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾಗ ನನ್ನ ಹೆಂಡತಿ ಮುದ್ದೆ ತಿರುವುತ್ತಾ, "ಹೂಂ ಅನ್ನೋರು ತಾನೇ ಬೇಕಾಗಿರದು? ನಮ್ಮಪ್ಪನ್ನ ಕರ್ಕೊಂಡೋಗಿ," ಅಂದಳು.

ನಮ್ಮ ಮಾವ ಪಟ್ಟನಾಯಕನಹಳ್ಳಿ ಕಡೆಯವರು. ಜೀವಮಾನವೆಲ್ಲ ಕುರಿ ಕಾಯ್ದವರು, ಈಗ ಮಂಡಿ ನೋವು ಅಂತ ಕುರಿ ಮಗನಿಗೆ ಬಿಟ್ಟಿದ್ದಾರೆ. ಅವರ ಸೀಮೆಯಲ್ಲಿ ಕಥೆ ಹೇಳೋರು ಎಲ್ಲಿ ಕೂತರೂ ಮೊದಲು ಇವರನ್ನ ಕರೆಸೋರು. ಇವರ ಹೂಂ ಅಂಥದ್ದು. ಕಥೆಯಲ್ಲಿ ಹುಲಿ ಬಂದರೆ ಆ ಹೂಂ ಗಂಟಲಲ್ಲೇ ನಿಲ್ಲುತ್ತೆ, ಮದುವೆ ಬಂದರೆ ಎಲೆಅಡಿಕೆ ಹಾಕಿಕೊಂಡ ಹಾಗೆ ಮೆತ್ತಗಾಗುತ್ತೆ. ಕೇಳಿದ ತಕ್ಷಣ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಮೊದಲನೇ ಸಲ ಕರೆದುಕೊಂಡು ಹೋದದ್ದು ಪಕ್ಕದೂರಿನ ಕಲ್ಯಾಣ ಮಂಟಪದ ಮಾಲೀಕರ ಹತ್ತಿರ. ನಾನು ಶುರುಮಾಡಿದೆ, ಮಾವ ಹೂಂ ಅಂದರು. ಮಾಲೀಕರು ಮೊಬೈಲ್ ಪಕ್ಕಕ್ಕಿಟ್ಟರು. ಎಷ್ಟು ವರ್ಷಕ್ಕೆ ಈ ಭಾಗ್ಯ ಅಂತ ನಾನು ಮನಸ್ಸಲ್ಲೇ ಕೈ ಮುಗಿದೆ. ಅಷ್ಟರಲ್ಲಿ ಮಾಲೀಕರಿಗೂ ಉಮೇದು ಬಂತು.

"ಇಲ್ಲೊಂದು ಹಾಡು ಇಡೋಣ. ಅಣ್ಣಂಗೆ ಒಬ್ಬಳು ಡ್ಯಾನ್ಸರ್," ಅಂದರು.

"ಹೂಂ," ಅಂದರು ಮಾವ.

ಮಾಲೀಕರಿಗೆ ಖುಷಿ. "ತಮ್ಮ ದುಬೈಗೆ ಹೋಗ್ತಾನೆ."

"ಹೂಂ."

"ಗೋಡೆ ಬೇಡ, ಮಧ್ಯೆ ಸಮುದ್ರ ಇರಲಿ."

"ಹೂಂ."

"ನಾಯಿ ಬದಲು ಹೆಲಿಕಾಪ್ಟರ್."

ಮಾವ ಇದಕ್ಕೂ ಬಿಡಲಿಲ್ಲ. ಹುಲಿ ಬಂದಾಗಿನ ಹೂಂ ಅಂದರು. ಮಾಲೀಕರು ಎದ್ದು ನಿಂತು ಮಾವನ ಕೈ ಕುಲುಕಿದರು. ಆಮೇಲೆ ನನ್ನ ಕಡೆ ನೋಡಿ, "ಕಥೆ ಸಿಕ್ಕಿಬಿಡ್ತು. ನೀನು ಕಷ್ಟಪಡೋದು ಬೇಡ," ಅಂದರು.

ಬರುವಾಗ ಬಸ್ಸಿನಲ್ಲಿ ನಾನು ಕೇಳಿಯೇ ಬಿಟ್ಟೆ. "ಮಾವ, ನೀವು ಯಾರ ಕಡೆಯೋರು? ನನ್ನ ಕಥೆ ಹಾಳುಮಾಡೋನಿಗೂ ಹೂಂ ಅಂದ್ರಲ್ಲ."

"ಯಾರು ಕಥೆ ಹೇಳಿದ್ರೂವೆ ಹೂಂ ಅನ್ನದು ಧರ್ಮ ಕಣಪ್ಪ. ಅವ್ರು ಹೇಳಿದ್ದೂ ಒಂದು ಕಥೇನೇ ಅಲ್ವಾ," ಅಂದರು ಮಾವ. ಆಮೇಲೆ ಎಲೆಗೆ ಸುಣ್ಣ ಸವರುತ್ತಾ, "ಹೆಲಿಕಾಪ್ಟ್ರು ಎಲ್ಲಿ ಕಳ್ದೋಯ್ತದೋ, ನಂಗೂ ತಿಳೀಲಿಲ್ಲ," ಅಂದರು.

ಎಣ್ಣೆ ಮಿಲ್ಲಿನ ಸೋಫಾ

ಕೊನೆಗೆ ವೈ.ಎನ್.ಹೊಸಕೋಟೆಯ ಕಡ್ಲೆಕಾಯಿ ಎಣ್ಣೆ ಮಿಲ್ಲಿನ ಮಾಲೀಕರೊಬ್ಬರು ಸಿನಿಮಾಕ್ಕೆ ಕೈ ಹಾಕಿದ್ದಾರೆ ಅಂತ ಗೊತ್ತಾಯಿತು. ಮಾವನಿಗೆ ಮೊದಲೇ ತಾಕೀತು ಮಾಡಿದೆ. "ನಾನು ಮಾತಾಡುವಾಗ ಮಾತ್ರ ಹೂಂ. ಅವರು ಮಾತಾಡಿದರೆ ಎಲೆಅಡಿಕೆ ಬಾಯಿಗೆ ಹಾಕ್ಕೊಂಡು ಬಿಡಿ." ಮಾವ ಅದಕ್ಕೂ ಹೂಂ ಅಂದರು.

ಪಾವಗಡ ದಾಟಿದ ಮೇಲೆ ಮಾತು ಅರ್ಧ ತೆಲುಗೇ. ಆಫೀಸಿನ ಸೋಫಾದಲ್ಲಿ ಕಾಲು ಮಡಚಿ ಕೂತಿದ್ದ ಮಾಲೀಕರು, "ಏಮಪ್ಪಾ, ಕಥ ಉಂದಂಟ ಕದಾ, ಕಥೆ ಇದೆಯಂತಲ್ಲ? ಚೆಪ್ಪು, ಹೇಳು ಕೇಳೋಣ," ಅಂದರು. ನಾನು ಹೇಳಿದೆ. ಮಾವ ಹೂಂ ಅಂದರು. ನಾಯಿ ಬಂತು, ಮೋಟ್ರು ಬಂತು, ಮಾಲೀಕರು ನಕ್ಕರು. ನಾಯಿ ಕಾಣೆಯಾಯಿತು, ನಗು ನಿಂತಿತು. ಇಂಟರ್‌ವಲ್ ದಾಟಿತು. ಇದರಿಂದಾಚೆಗಿನ ಕಥೆಯನ್ನ ನಾನು ಬಾಯಿಬಿಟ್ಟು ಯಾರಿಗೂ ಹೇಳಿದ್ದೇ ಇಲ್ಲ.

ನಾಯಿ ಸಿಗಲ್ಲ. ಅಣ್ಣತಮ್ಮಂದಿರು ಬೇರೆ ಬೇರೆ ದಿಕ್ಕಿಗೆ ಹುಡುಕಿ ಬರಿಗೈಲಿ ವಾಪಸ್ ಬರುತ್ತಾರೆ. ಈಗ ಅವರಿಗೆ ಮಾತಾಡೋಕೆ ದಾರಿಯೇ ಇಲ್ಲ. ಮನೆ ಮೌನವಾಗುತ್ತೆ. ಒಂದು ಮಧ್ಯಾಹ್ನ ಅಣ್ಣ ಉಣ್ಣೋಕೆ ಕೂತವನು ತಟ್ಟೆ ಬಿಟ್ಟು ಎದ್ದು ಹೊರಗೆ ಬರುತ್ತಾನೆ. ನಾಯಿ ಮಲಗುತ್ತಿದ್ದ ಗುಂಡಿ ಹಾಗೇ ಇದೆ. ಆ ಖಾಲಿ ಗುಂಡಿ ನೋಡುತ್ತಾ, "ಲೇ ನಾಯಿ, ಅವ್ನು ಉಂಡ್ನಾ ಕೇಳು," ಅನ್ನುತ್ತಾನೆ.

ಇಲ್ಲಿಗೆ ಬಂದು ನಾನು ತಡೆದೆ. ಹೂಂ ಬರಲಿಲ್ಲ.

ಪಕ್ಕಕ್ಕೆ ತಿರುಗಿ ನೋಡಿದರೆ ಮಾವ ಕಂಬಳಿಯ ಅಂಚನ್ನ ಮುಖದ ಮೇಲೆ ಎಳೆದುಕೊಂಡು ಗೋಡೆಗೆ ಒರಗಿದ್ದಾರೆ. ಮಧ್ಯಾಹ್ನದ ಹೊತ್ತು, ಮೇಲೆ ಫ್ಯಾನು, ಹೊಟ್ಟೆ ತುಂಬಾ ಊಟ ಬೇರೆ. ನನ್ನ ನಾಲಿಗೆ ಕಟ್ಟಿಹೋಯಿತು. ಇಷ್ಟು ವರ್ಷ ಕಾದು, ಕೊನೆಯ ಒಂದು ಮಾತು ಬಾಕಿ ಇರುವಾಗ ಮಲಗಿಬಿಟ್ಟರಲ್ಲ ಅಂತ ಅಳು ಬಂತು. ನಿಜಕ್ಕೂ ಬಂತು.

ಮಾಲೀಕರು ಮುಂದಕ್ಕೆ ಬಗ್ಗಿದರು. "ಎಂದುಕಪ್ಪಾ, ಯಾಕೆ ನಿಲ್ಲಿಸಿಬಿಟ್ಟೆ?" ಆಮೇಲೆ ಅವರೇ, "ಹೂಂ. ಚೆಪ್ಪು," ಅಂದರು.

ಆ ಹೂಂ ಸಾಕಾಯಿತು. "ಗೋಡೆಯ ಆಚೆಯಿಂದ ತಮ್ಮ ಅಂತಾನೆ, ಇನ್ನೂ ಇಲ್ಲ ಕಣಣ್ಣ," ಅಂದು ಮುಗಿಸಿದೆ.

ಮಾಲೀಕರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. "ಚಾಲಾ ಬಾಗುಂದಪ್ಪಾ, ತುಂಬಾ ಚೆನ್ನಾಗಿದೆ. ನಮ್ಮ ತಮ್ಮ ನೆನಪಾದ," ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು ಮಿಲ್ಲಿನ ಮಾಲೀಕರಾದರು. "ಒಂದು ಅನುಮಾನ. ಇಷ್ಟು ಚೆನ್ನಾಗಿದ್ರೆ ಇಷ್ಟೊತ್ತಿಗೆ ತೆಲುಗಲ್ಲಿ ಯಾರೋ ಒಬ್ಬ ತೆಗ್ದಿರೋನು. ಅಷ್ಟು ಬುದ್ಧಿವಂತರು ತೆಗ್ದಿಲ್ಲ ಅಂದ್ಮೇಲೆ ಇದರಲ್ಲಿ ಏನೋ ದೋಷ ಇದೆ. ನಂಗೆ ಗೊತ್ತಾಗ್ತಿಲ್ಲ ಅಷ್ಟೇ."

ನಾನು ಎದ್ದೆ. ಬಾಗಿಲ ಹತ್ತಿರ ಹೋಗುವಾಗ ಹಿಂದಿನಿಂದ ಕರೆದರು. "ಆ ಪೆದ್ದಾಯನನ್ನ, ಆ ಹಿರಿಯರನ್ನ, ನಮ್ಮ ಹತ್ರ ಬಿಡ್ತೀಯಾ? ನಾನು ಒಂದು ತೆಲುಗು ಪಿಕ್ಚರ್ ರೈಟ್ಸ್ ತಂದಿದೀನಿ. ಡೈರೆಕ್ಟರು ಕಥೆ ಹೇಳ್ತಿದ್ರೆ ಹೀರೋ ಮೊಬೈಲ್ ನೋಡ್ತಾನೆ. ಹಿಂಗೊಬ್ಬ ದೊಡ್ಡೋರು ಪಕ್ಕದಲ್ಲಿ ಕೂತು ಹೂಂ ಅಂದ್ರೆ ಮರ್ಯಾದೆಗಾದ್ರೂ ಕೇಳ್ತಾನೆ."

ಹೋದದ್ದು ಕಥೆ ಮಾರೋಕೆ. ಮಾರಾಟವಾದದ್ದು ಮಾವ.

ಖಾಲಿ ಮೂಲೆ

ಮಾವನನ್ನ ಕರೆದುಕೊಂಡು ಹೋಗೋಕೆ ಕಾರು ಬರತೊಡಗಿತು. ಹೀರೋ ಬೆಂಗಳೂರಿಂದ ಬರೋದು, ಡೈರೆಕ್ಟರು ಹೇಳೋದು, ಮಾವ ಹೂಂ ಅನ್ನೋದು. ಹೆಂಡತಿ ಊರೆಲ್ಲ ಹೇಳಿಕೊಂಡು ಬಂದಳು, ನಮ್ಮಪ್ಪ ಸಿನಿಮಾದಲ್ಲಿದ್ದಾರೆ ಅಂತ. ನಾನು ಮಾವನ ಜೊತೆ ಮಾತು ಕಡಿಮೆ ಮಾಡಿದೆ. ಅವತ್ತು ಅವರು ಮಲಗಿಬಿಟ್ಟ ಸಿಟ್ಟು ನನಗಿನ್ನೂ ಹೋಗಿರಲಿಲ್ಲ.

ಕೊನೆಗೆ ಆ ಸಿನಿಮಾದ ಫ್ಲೆಕ್ಸ್ ನನ್ನ ಅಂಗಡಿಗೇ ಬಂತು. ಹೀರೋ, ಹೀರೋಯಿನ್ನು, ಮಿಲ್ಲಿನ ಮಾಲೀಕರು ಕೈ ಮುಗಿದಿರೋದು. ಕೆಳಗಡೆ ದುಂಡಗೆ ಮಾವನ ಫೋಟೋ, ಕಂಬಳಿ ಸಮೇತ. ಅದರಡಿ "ಕಥಾ ಸಹಕಾರ". ನನ್ನ ಹೆಸರೂ ಇತ್ತು, ತೀರಾ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ, ಅಂಗಡಿ ಹೆಸರಿನ ಜೊತೆ. ಅದು ಸಾವಿನ ಫ್ಲೆಕ್ಸಿನಲ್ಲೂ ಇರುತ್ತೆ. ಬಲಗಡೆ ಮೇಲಿನ ಮೂಲೆ ಖಾಲಿ ಕಾಣುತ್ತಿತ್ತು. ಸಿಟ್ಟಿಗೋ ಸಂಕಟಕ್ಕೋ, ಅಲ್ಲೊಂದು ಬೀದಿನಾಯಿಯ ಚಿತ್ರ ಹಾಕಿ ಮಾಲೀಕರಿಗೆ ಮೊಬೈಲಲ್ಲಿ ಕಳಿಸಿದೆ.

ಅವತ್ತು ಮಾವ ತಮ್ಮ ಫೋಟೋ ನೋಡೋಕೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಿದ್ದರು. ನನ್ನ ಎರಡೂ ಕೈಯಲ್ಲಿ ಬೇರೊಂದು ಫ್ಲೆಕ್ಸ್ ಇತ್ತು. ಫೋನು ಬಂದಾಗ ಸ್ಪೀಕರಿಗೆ ಹಾಕಿ ಟೇಬಲ್ ಮೇಲಿಟ್ಟೆ.

"ನಾಯಿ ಬಾಗುಂದಪ್ಪಾ, ಎಲ್ಲರಿಗೂ ಹಿಡಿಸಿದೆ. ಆದ್ರೆ ನಮ್ಮ ಪಿಕ್ಚರಲ್ಲಿ ನಾಯಿ ಇಲ್ಲ, ನೋಡಿದ ಜನ ಕೇಳ್ತಾರೆ. ಒಂದು ಕೆಲಸ ಮಾಡು. ನಿನ್ನ ಕಥೇಲಿ ಆ ಕಡೇ ಸೀನಿದೆಯಲ್ಲ, ಅದೊಂದು ನಂಗೆ ಕೊಡು. ಹೀರೋ ಫೈಟ್ ಮುಗಿಸಿ ಬಂದು ಆ ಮಾತು ಹೇಳ್ತಾನೆ. ಮಿಕ್ಕಿದ್ದೆಲ್ಲ ನೀನೇ ಇಟ್ಕೋ."

"ಸಾರ್, ಆ ಸೀನಲ್ಲಿ ನಾಯಿ ಇರೋದೇ ಇಲ್ಲ."

"ಫ್ಲೆಕ್ಸಲ್ಲಿ ಉಂದಿ ಕದಾ, ಇದೆಯಲ್ಲ. ಸಾಲ್ದಾ?"

ನನಗೆ ಸುಸ್ತಾಗಿತ್ತು. ಇಷ್ಟು ದಿನ ಎಲ್ಲರೂ ಅರ್ಧ ಕೇಳಿ ಎದ್ದು ಹೋದರು, ಈಗೊಬ್ಬನಿಗೆ ಬಾಲ ಮಾತ್ರ ಬೇಕು. ಹೋಗಲಿ, ಆ ಒಂದು ಮಾತಾದರೂ ಪರದೆ ಮೇಲೆ ಬರಲಿ, ಮುಗಿದುಹೋಗಲಿ ಈ ಗೋಳು ಅನ್ನಿಸಿತು. ಹೂಂ ಅನ್ನೋಕೆ ಬಾಯಿ ತೆರೆದೆ.

ಅಷ್ಟರಲ್ಲಿ ಮಾವ ಸ್ಟೂಲಿನಿಂದ ಬಗ್ಗಿ, ಫೋನಿನ ಹತ್ತಿರ ಬಾಯಿ ತಂದು, "ಊಹೂಂ," ಅಂದರು.

ಹೆಲಿಕಾಪ್ಟರಿಗೂ ಹೂಂ ಅಂದ ಮನುಷ್ಯ ಇವರು. "ಎವರದಿ, ಯಾರದು?" ಅಂತ ಆ ಕಡೆಯಿಂದೊಂದು ದನಿ ಬಂತು, ಫೋನು ಕಟ್ಟಾಯಿತು.

"ಏನ್ ಮಾವ ನೀವು," ಅಂದೆ. ತಡೆದಿದ್ದೆಲ್ಲ ಹೊರಗೆ ಬಂತು. "ಕಂಡೋರಿಗೆಲ್ಲ ಹೂಂ ಅಂತೀರ. ನಂಗೆ ಒಂದು ದಾರಿ ಸಿಕ್ಕಾಗ ಅಡ್ಡ ಬರ್ತೀರ. ಅವತ್ತೂ ಅಷ್ಟೇ, ಕೊನೇ ಮಾತಿಗೆ ಸರಿಯಾಗಿ ಮಲಗಿಬಿಟ್ರಿ."

"ಯಾವನು ಮಲಗಿದ್ದ?" ಅಂದರು ಮಾವ. ಅವರಿಗೂ ಸಿಟ್ಟು ಬಂದಿತ್ತು. "ಆ ಅಣ್ಣ ಗುಂಡಿ ಮುಂದೆ ನಿಂತ್ಕಂಡು ಉಂಡ್ನಾ ಕೇಳು ಅಂದ್ನಲ್ಲ, ಆ ತಮ್ಮ ಏನಂದಾನು ಏನಂದಾನು ಅಂತ ನನ್ ಜೀವ ಅಲ್ಲೇ ಸಿಕ್ಕಾಕ್ಕಂಬುಡ್ತು. ಹೂಂ ಅನ್ನದೇ ಮರ್ತೋಯ್ತು. ಕಣ್ಣಲ್ಲಿ ನೀರು ಬಂದ್ಬುಡ್ತು ಅಂತ ಕಂಬಳಿ ಎಳ್ಕಂಡೆ. ಅಂಥಾ ಕಥೇನ ಕುಯ್ದು, ಬಾಲ ಮಾರ್ತೀಯಾ?"

ನಾನು ಕೈಯಲ್ಲಿದ್ದ ಫ್ಲೆಕ್ಸ್ ಕೆಳಗಿಟ್ಟೆ. ಒಬ್ಬ ನಿರ್ಮಾಪಕ ಕೊನೆವರೆಗೂ ಕೇಳಲಿ ಅಂತ ಎಷ್ಟು ಜನರ ಮನೆ ಬಾಗಿಲು ಸವೆಸಿದ್ದೆ, ಮನಸಿಟ್ಟು ಕೇಳಿದವರು ನನ್ನ ಪಕ್ಕದಲ್ಲೇ ಕೂತಿದ್ದರು. ಎರಡು ಟೀ ತರಿಸಿದೆ. ಟೀ ಕುಡಿಯುವಾಗ ಸುಮ್ಮನಿರಲಾರದೆ, "ಅದಿರಲಿ ಮಾವ, ಅಷ್ಟು ಸಲ ಹೋಗಿ ಬಂದ್ರಲ್ಲ, ಅವರ ತೆಲುಗು ಪಿಕ್ಚರಿನ ಕಥೆ ಹೆಂಗಿದೆ?" ಅಂತ ಕೇಳಿದೆ.

ಮಾವ ಲೋಟ ಕೆಳಗಿಟ್ಟರು.

"ಗೊತ್ತಿಲ್ಲ ಕಣಪ್ಪ," ಅಂದರು. "ಹೂಂ ಅನ್ನದು ಮಾತ್ರ ಒಂದ್ಸಲಾನೂ ತಪ್ಸಿಲ್ಲ."